ಪರದೆಯ ಅಂಚಿನೊಳಗಿನ ಕಾಸುಗಳು

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಆಕೆಯನ್ನು ಎಲ್ಲರೂ ಪರದೆ ಅಕ್ಕ ಎಂದೇ ಕರೆಯುತ್ತಿದ್ದರು. ಹೊಲಿಯುತ್ತಿದ್ದುದು ಕಿಟಕಿ ಪರದೆಗಳನ್ನಷ್ಟೇ; ತೊಡುವ ಬಟ್ಟೆ ಹೊಲಿಯುವುದೆಂದರೆ ಆಕೆಗೆ ಆಗದು. ಅಳತೆ ಕೊಟ್ಟವರು ದಪ್ಪಗಾಗಿ ಬಂದು ಜಗಳ ತೆಗೆಯುತ್ತಾರೆ, ಕಿಟಕಿ ಎಂದಾದರೂ ದಪ್ಪಗಾಗುತ್ತದೆಯೇ ಎನ್ನುತ್ತಿದ್ದಳು.

ಒಮ್ಮೆ, ಮುಚ್ಚಿಹೋದ ನಾಟಕ ಕಂಪನಿಯ ಮನೆತನದ ಮೊಮ್ಮಗನೊಬ್ಬ ಹಳೆಯ ಮಖಮಲ್ ಪರದೆ ತಂದ. "ಅಕ್ಕ, ಇದನ್ನ ಕತ್ತರಿಸಿ ಸೋಫಾಗೆ ಹೊದಿಕೆ ಮಾಡ್ಕೊಡಿ."

ಅಂಚು ಬಿಚ್ಚಿದರೆ ಟಣ್ ಟಣ್ ಎಂದು ತಾಮ್ರದ ಕಾಸುಗಳು ಬಿದ್ದವು. ಪರದೆ ಹಾರದಿರಲೆಂದು ಭಾರಕ್ಕೆ ಹಾಕಿದ್ದು, ಅದರಲ್ಲೇನೂ ಸೋಜಿಗವಿರಲಿಲ್ಲ. ಆದರೆ ಒಂದರ ಮೇಲೆ ಆನೆ, ಇನ್ನೊಂದರ ಮೇಲೆ ಸೂರ್ಯ, ಮತ್ತೊಂದರ ಮೇಲೆ ಕತ್ತಿ. ಬೇರೆ ಬೇರೆ ಸಂಸ್ಥಾನಗಳ ಕಾಸುಗಳು. ಇಷ್ಟೊಂದು ರಾಜರು ಒಂದೇ ಪರದೆಯೊಳಗೆ ಹೇಗೆ ಸೇರಿಕೊಂಡರು?

"ಅವನ್ನ ನೀವೇ ಇಟ್ಕೊಳ್ಳಿ," ಎಂದ ಮೊಮ್ಮಗ.

ನಿಧಾನವಾಗಿ ಬಿಚ್ಚುತ್ತಾ ಹೋದಂತೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಕಾಸಿನ ಚಿತ್ರ ಬದಲಾದಲ್ಲೆಲ್ಲ ದಾರದ ಬಣ್ಣವೂ ಬದಲಾಗಿತ್ತು. ಹೊಲಿಗೆ ಮಾತ್ರ ಒಂದೇ ಕೈಯದು. ಕ್ರಮ ತಪ್ಪದಿರಲೆಂದು ಉದ್ದನೆಯ ಬಟ್ಟೆಪಟ್ಟಿಗೆ ಪುಟ್ಟ ಜೇಬುಗಳನ್ನು ಹೊಲಿದು, ಕಾಸುಗಳನ್ನು ಸಾಲಾಗಿ ಇಳಿಸಿದಳು.

ಬಸ್ ಓಡಿಸುವ ಗಂಡ ನಕ್ಕ. "ಬೇರೆ ಹೆಂಗಸರಿಗೆ ಬಂಗಾರದ ಹುಚ್ಚು. ನಾನು ಪುಣ್ಯವಂತ, ನಿಂಗೆ ತಾಮ್ರ."

"ನಗ್ಬೇಡಿ. ಯಾಕೆ ಹೀಗೆ ಹೊಲಿದ್ರು ಅಂತ ತಿಳಿಯೋವರೆಗೂ ನಂಗೆ ಊಟ ಸೇರಲ್ಲ."

ಹೊದಿಕೆ ಕೊಡುವ ನೆಪದಲ್ಲಿ ಪಟ್ಟಿಯನ್ನೂ ಹೆಗಲಿಗೇರಿಸಿಕೊಂಡು ಆ ಮನೆಗೆ ಹೋದಳು. ಮೊಮ್ಮಗನ ಅಜ್ಜಿ ಪಟ್ಟಿಯನ್ನು ಮಡಿಲಲ್ಲಿ ಹರಡಿಕೊಂಡು ಬೆರಳಾಡಿಸಿದರು.

"ನಮ್ಮಮ್ಮ ಹೊಲಿದಿದ್ದು ಕಣೇ. ಸೂಜಿಗೆ ದಾರ ಪೋಣಿಸ್ತಿದ್ದೋಳು ನಾನು. ಆಗ ನಾವು ಹೋಗ್ತಿದ್ದ ಕಡೆ, ಒಬ್ಬ ರಾಜನ ಕಾಸನ್ನ ಇನ್ನೊಬ್ಬ ರಾಜನ ಊರಲ್ಲಿ ಮುಟ್ತಿರ್ಲಿಲ್ಲ. ಗಡಿ ದಾಟೋ ಹೊತ್ತಿಗೆ ಉಳಿದದ್ದೆಲ್ಲ ಪರದೆಗೆ, ಆಯಾ ಊರಲ್ಲಿ ಸಿಕ್ಕ ದಾರದಲ್ಲೇ."

ಅಂದರೆ ಇದು ಕಂಪನಿ ನಡೆದ ದಾರಿ! ಅಕ್ಕನಿಗೆ ಮೈ ಜುಮ್ಮೆಂದಿತು. "ಅಜ್ಜಿ, ಸೂರ್ಯನ ಕಾಸಿನ ಸಾಲು ಮೊಳದುದ್ದ ಇದೆ. ಕತ್ತಿದು ಮಾತ್ರ ಯಾಕೆ ಒಂದೇ?"

"ಅಲ್ಲಿ ನಮ್ಮ ರಾಜನ ಪಾತ್ರದವ್ನು ಮಾತು ಮರೆತು ಬಾಯಿ ಬಿಟ್ಕೊಂಡು ನಿಂತ. ಜನ ಮೊದಲ್ನೇ ದಿನಾನೇ ಓಡಿಸಿದ್ರು!" ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಕ್ಕ ಪಟ್ಟಿಯನ್ನು ಅಲ್ಲೇ ಬಿಡಲು ಹೋದರೆ ಒಪ್ಪಲಿಲ್ಲ. "ನಿನ್ಹತ್ರಾನೇ ಇರ್ಲಿ. ನೀನು ಕೇಳ್ತೀಯ. ಇಲ್ಲಿ ಯಾರೂ ಕೇಳಲ್ಲ."

ಅಲ್ಲಿಂದಾಚೆ ಅಕ್ಕನ ಭಾನುವಾರಗಳೆಲ್ಲ ಹಳೆ ಕಾಸು ಹುಡುಕುತ್ತ ಗುಜರಿ ಅಂಗಡಿಗಳ ಪಾಲಾದವು. ಹಳೆ ನಾಣ್ಯದ ವ್ಯಾಪಾರಿಯೊಬ್ಬ ಒಮ್ಮೆ ಸ್ವಲ್ಪವೂ ಸವೆಯದ ಕಾಸೊಂದನ್ನು ಮುಂದಿಟ್ಟ.

"ಇದು ಎಲ್ಲಿತ್ತು?" ಅಕ್ಕ ಕೇಳಿದಳು.

"ಅದೆಲ್ಲ ನಂಗೇನು ಗೊತ್ತು?"

"ಇದರ ಕತೆ ಗೊತ್ತಿರೋರು ಸಿಕ್ಕರೆ ಹೇಳಿಕಳಿಸಿ, ಆಗ ತಗೋತೀನಿ," ಎಂದು ಚೀಲ ಎತ್ತಿಕೊಂಡು ಪಕ್ಕದ ಅಂಗಡಿಗೆ ನಡೆದಳು.