ದುಗ್ಗಪ್ಪ ನಂಬದ ಗಾಳಿ

1984ರ ನವೆಂಬರ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಏಳು ಗಂಟೆ ಐವತ್ತು ನಿಮಿಷಕ್ಕೆ, ದುಗ್ಗಪ್ಪ ಪಡೀಲಿನ ಕಲ್ಲುಪುಡಿ ಗಿರಣಿಯ ಬಾಗಿಲಲ್ಲಿ ನಿಂತು ಒಂದು ಪಾರದರ್ಶಕ ಕೊಳವೆಯನ್ನು ದಿಟ್ಟಿಸುತ್ತಿದ್ದ. ಅದರೊಳಗೆ ಗೋಲಿಯಷ್ಟು ದೊಡ್ಡ ಕೆಂಪು ಚೆಂಡು. ಕೊಳವೆಯ ಮೇಲೊಂದು ಕಪ್ಪು ಗೆರೆ. ಗಾಳಿ ಸಾಕಷ್ಟು ಬರುತ್ತಿದ್ದರೆ ಚೆಂಡು ಗೆರೆಯ ಮೇಲೆ ತೇಲಬೇಕು. ಆ ದಿನ ಅದು ಗೆರೆಯ ಕೆಳಗೇ ತಡಬಡಿಸುತ್ತಿತ್ತು.

"ಅಲ್ಫೋನ್ಸ್," ಅವನು ತಿರುಗಿ ನೋಡದೆ ಕರೆದ. "ಶನಿವಾರ ನನ್ನ ಬ್ಯಾಟರಿ ಚಾರ್ಜಿಗೆ ಇಟ್ಟದ್ದು ಹೌದಾ, ಅಲ್ಲ ನಿನ್ನ ರೇಡಿಯೋಗೆ ಹಾಕಿದ್ದಾ?"

ಗಿರಣಿಯ ಇಲೆಕ್ಟ್ರಿಶಿಯನ್ ಅಲ್ಫೋನ್ಸ್ ಚಹಾ ಕುಡಿಯುತ್ತಿದ್ದ. "ಎಂತ ಮಾರಾಯ, ಬೆಳಿಗ್ಗೆ ಬೆಳಿಗ್ಗೆ! ನಿನ್ನ ಬ್ಯಾಟರಿ ಹಾಕಿದರೆ ನನ್ನ ರೇಡಿಯೋ ಹಾಡುವುದಿಲ್ಲ, ಕೆಮ್ಮುತ್ತದೆ."

ದುಗ್ಗಪ್ಪ ನಗಲಿಲ್ಲ. ಸುಲಭಕ್ಕೆ ನಗುವವನೂ ಅಲ್ಲ, ನಂಬುವವನೂ ಅಲ್ಲ. ದೇರೆಬೈಲಿನ ಅವನ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಬಂದರಿನಲ್ಲಿ ಬಂಗುಡೆ ಕೊಂಡರೆ ಕಿವಿರು ಎತ್ತಿ ನೋಡುತ್ತಿದ್ದ, ಮೀನಿನವಳು "ಇದರ ಜಾತಕವೂ ಬೇಕಾ ಅಣ್ಣಾ?" ಎಂದು ಕೇಳಿದ ಮೇಲೂ ಇನ್ನೊಂದು ಎತ್ತಿ ನೋಡುತ್ತಿದ್ದ.

ಅವನ ಸಂಶಯಕ್ಕೆ ಗಟ್ಟಿ ಕಾರಣವೂ ಇತ್ತು. ಗಿರಣಿಯಲ್ಲಿ ಬಿಳಿ ಬೆಣಚುಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಎರಕದ ಕಾರ್ಖಾನೆಗಳಿಗೆ ಕಳಿಸುತ್ತಿದ್ದರು. ಯಂತ್ರದ ಬಾಯಿಯ ಕೆಳಗೆ ಚೀಲ ಹಿಡಿದು ಕೂರುವುದು ದುಗ್ಗಪ್ಪನ ಕೆಲಸ. ಅವನಿಗಿಂತ ಮೊದಲು ಆ ಜಾಗದಲ್ಲಿ ಕೂರುತ್ತಿದ್ದವನು ನೋಣಯ್ಯ. ನೋಣಯ್ಯನಿಗೆ ಕೆಮ್ಮು ಹಿಡಿಯಿತು, ಟಿ.ಬಿ. ಎಂದರು, ಮಾತ್ರೆ ಕೊಟ್ಟರು, ಮಾತ್ರೆ ಮುಗಿದರೂ ಕೆಮ್ಮು ಮುಗಿಯಲಿಲ್ಲ. ಕೊನೆಕೊನೆಗೆ ಮೂರು ಮೆಟ್ಟಿಲು ಹತ್ತಲು ಮೂರು ಕಡೆ ಕೂರುತ್ತಿದ್ದ. ಅವನು ಸತ್ತಾಗ ಗಿರಣಿಯ ಯಜಮಾನ ಸರ್ವೋತ್ತಮ ಶೆಟ್ಟರು, "ಬೀಡಿ ಬಿಡು ಅಂತ ಎಷ್ಟು ಹೇಳಿದ್ದೆ," ಎಂದಿದ್ದರು. ನೋಣಯ್ಯ ಬೀಡಿ ಮುಟ್ಟಿದ್ದನ್ನು ದುಗ್ಗಪ್ಪ ನೋಡಿರಲೇ ಇಲ್ಲ.

ಆಮೇಲೆ ಫ್ಯಾಕ್ಟರಿ ಇನ್‌ಸ್ಪೆಕ್ಟರು ಬಂದು ಹೋದರು. ಎರಡು ತಿಂಗಳಲ್ಲಿ ಬೊಂಬಾಯಿಯಿಂದ ಒಂದು ಪೆಟ್ಟಿಗೆ ಬಂತು. ತಲೆಗೆ ಹೆಲ್ಮೆಟ್, ಮುಖಕ್ಕೆ ಪಾರದರ್ಶಕ ಪರದೆ, ಸೊಂಟಕ್ಕೆ ಕಟ್ಟುವ ಡಬ್ಬಿ. ಡಬ್ಬಿಯೊಳಗೆ ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನು ಸುತ್ತಲಿನ ಗಾಳಿಯನ್ನು ಎಳೆದು, ಮಡಿಕೆ ಮಡಿಕೆಯ ಕಾಗದದ ಫಿಲ್ಟರಿನಲ್ಲಿ ಸೋಸಿ, ಉದ್ದ ಕೊಳವೆಯ ಮೂಲಕ ಮುಖದ ಮೇಲೆ ಬಿಡುತ್ತಿತ್ತು. ಆ ಗಾಳಿ ಸಾಕೇ ಎಂದು ಅಳೆಯಲಿಕ್ಕೆ ಕೆಂಪು ಚೆಂಡಿನ ಆ ಪುಟ್ಟ ಕೊಳವೆ. ಅದು ಗಾಳಿಯನ್ನು ಹುಟ್ಟಿಸುವ ಯಂತ್ರವಲ್ಲ, ಇರುವ ಗಾಳಿಯನ್ನು ಸೋಸುವ ಯಂತ್ರ. ಫಿಲ್ಟರ್ ಎಷ್ಟು ಒಳ್ಳೆಯದೋ ಗಾಳಿಯೂ ಅಷ್ಟೇ ಒಳ್ಳೆಯದು.

"ಟವೆಲ್ ಕೊಡಲಿಕ್ಕೂ ಲೆಕ್ಕ ನೋಡುವ ಧನಿ ಇದನ್ನು ಯಾಕೆ ತರಿಸಿದರು?" ಎಂದು ದುಗ್ಗಪ್ಪ ಮೊದಲ ದಿನವೇ ಹೆಂಡತಿಯನ್ನು ಕೇಳಿದ್ದ. "ಆ ಧೂಳಿನಲ್ಲಿ ಎಂತದೋ ಉಂಟು."

ಈಗ ಚೆಂಡು ದಿನದಿನಕ್ಕೂ ಕೆಳಗಿಳಿಯುತ್ತಿತ್ತು. ಫಿಲ್ಟರ್ ಧೂಳಿನಿಂದ ಕಟ್ಟಿರಬೇಕು, ಹೊಸದು ಕೇಳು ಎಂದು ಅಲ್ಫೋನ್ಸ್ ಹೇಳಿದ. ಪೆಟ್ಟಿಗೆಯ ಜೊತೆ ಬಂದ ಚೀಟಿಯಲ್ಲಿ ಹಾಗೇ ಇತ್ತಂತೆ. ಶೆಟ್ಟರು "ಬೊಂಬಾಯಿಯಿಂದ ಬರಬೇಕು, ಸ್ವಲ್ಪ ಸುಧಾರಿಸು" ಎಂದರು. ದುಗ್ಗಪ್ಪನಿಗೆ ಇಬ್ಬರ ಮಾತೂ ನೆವ ಅನಿಸಿತು. ಆ ವಾರದ ಶನಿವಾರ ಸಂಜೆ, ಮನೆಯಲ್ಲೇ ಚಾರ್ಜ್ ಮಾಡುವುದೆಂದು, ಅವನು ಹೆಲ್ಮೆಟ್ಟು, ಡಬ್ಬಿ, ಚಾರ್ಜರು ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿ ಬಸ್ಸು ಹತ್ತಿದ.

"ಹೆಂಡತಿಗೆ ಸವತಿ ಕರಕೊಂಡು ಹೋಗ್ತಿಯಾ?" ಎಂದು ಅಲ್ಫೋನ್ಸ್ ಹಿಂದಿನಿಂದ ಕೂಗಿದ.

"ನಿನ್ನ ಕಣ್ಣಿಂದ ದೂರ ಇರಲಿ ಅಂತ," ಎಂದ ದುಗ್ಗಪ್ಪ.

ಮರು ಸೋಮವಾರ ಬೆಳಿಗ್ಗೆ ಗಿರಣಿಯಲ್ಲಿ ಗುಂಡಿ ಒತ್ತಿದ್ದೇ ತಡ, ಚೆಂಡು ಗೆರೆ ದಾಟಿ ಕೊಳವೆಯ ತುದಿಗೆ ಹೋಗಿ ಅಂಟಿಕೊಂಡಿತು.

"ನೋಡಿದೆಯಾ? ನನ್ನ ಮನೆಯಲ್ಲಿ ಎರಡು ರಾತ್ರಿ ಇದ್ದದ್ದಕ್ಕೆ ಈ ಗಾಳಿ!"

ಅಲ್ಫೋನ್ಸ್ ತಲೆ ಕೆರೆದುಕೊಂಡ. ದಾರಿಯಲ್ಲಿ ಹೋಗುತ್ತಿದ್ದ ಶೆಟ್ಟರೂ ನಿಂತು ನೋಡಿ, "ಸುಮ್ಮನೆ ಹೊಸ ಫಿಲ್ಟರ್ ಅಂತ ಹೇಳ್ತೀರಿ ನೀವು," ಎಂದು ಸಂತೋಷದಿಂದ ಒಳಗೆ ಹೋದರು.

ಆ ಸಂತೋಷವೇ ದುಗ್ಗಪ್ಪನನ್ನು ಚುಚ್ಚಿತು. ಮುಖದ ಮೇಲೆ ಕಡಲ ಬದಿಯಲ್ಲಿ ನಿಂತ ಹಾಗೆ ತಣ್ಣಗೆ ಗಾಳಿ ಬರುತ್ತಿತ್ತು. ಹೊಚ್ಚ ಹೊಸದಿದ್ದ ದಿನವೂ ಚೆಂಡು ಇಷ್ಟು ಮೇಲೆ ಹೋಗಿರಲಿಲ್ಲವಲ್ಲ? ಹಳತಾದದ್ದು ಹೊಸದಕ್ಕಿಂತ ಚೆನ್ನಾಗಿ ಓಡುವುದು ಹೇಗೆ?

ಮಧ್ಯಾಹ್ನ ಊಟದ ಬುತ್ತಿಯ ಜೊತೆ ಇದ್ದ ತೆಂಗಿನೆಣ್ಣೆಯನ್ನು, ಹಲಸಿನಹಣ್ಣು ಕೊಯ್ಯುವ ಮೊದಲು ಕೈಗೆ ಹಚ್ಚುವ ಹಾಗೆ, ಆದರೆ ಧೂಳು ಒಳಗೆ ಬಂದರೆ ಅಂಟಲಿ ಎಂದೇ, ಎರಡೂ ಕೆನ್ನೆಗೆ ಹಚ್ಚಿ ಹೆಲ್ಮೆಟ್ ಹಾಕಿಕೊಂಡು ಕೂತ. ಗಂಟೆ ಕಳೆದ ಮೇಲೆ ಹೊರಗೆ ಬಂದು ಬೆರಳಿನಿಂದ ಕೆನ್ನೆ ಸವರಿದ. ಬೆರಳ ತುದಿಗೆ ನುಣ್ಣಗೆ, ಹಿಟ್ಟು ಕಲಸಿದ ಹಾಗೆ, ಬಿಳಿ ಪುಡಿ.

"ಬ್ಲೇಡು ಹಾಕಿದ್ದೀಯಾ ನೀನು ಈ ಫಿಲ್ಟರಿಗೆ?" ಎಂದು ಅಲ್ಫೋನ್ಸನ ಮೇಲೆ ಏರಿಹೋದ.

ಅಲ್ಫೋನ್ಸ್ ಡಬ್ಬಿ ಬಿಚ್ಚಿ ಫಿಲ್ಟರನ್ನು ಬಿಸಿಲಿಗೆ ಹಿಡಿದ. ಕಾಗದದ ಮಡಿಕೆಗಳ ಅಂಚಿನಲ್ಲಿ ಸಾಲಾಗಿ ಬೆಳಕು ಕಂಡಿತು. ಆಮೇಲೆ ಅದನ್ನು ಮೂಸಿ ನೋಡಿ ದುಗ್ಗಪ್ಪನ ಕೈಗಿತ್ತ. "ಇದು ಬಟ್ಟೆ ಸೋಪಿನ ಪರಿಮಳ. ನನ್ನ ಮೇಲೆ ಹೇಳುವುದಾದರೆ ನಿನ್ನ ಮನೆಯ ಬಾವಿಕಟ್ಟೆಗೂ ನಾನು ಬಂದಿದ್ದೆ ಅಂತ ಹೇಳು."

ಸಂಜೆ ದುಗ್ಗಪ್ಪ ಮನೆಗೆ ಬಂದಾಗ ಹೆಂಡತಿ ಕುಶಲಾ ಅಂಗಳದಲ್ಲಿ ಬೀಡಿ ಸುತ್ತುತ್ತಾ ಕೂತಿದ್ದಳು. ಫಿಲ್ಟರ್ ತೊಳೆದೆಯಾ ಎಂದು ಗಂಡ ಕೇಳಿದ ಕೂಡಲೇ ಒಪ್ಪಿಕೊಂಡಳು. ಅದರಲ್ಲಿ ಅಡಗಿಸುವಂಥದ್ದು ಏನೂ ಅವಳಿಗೆ ಕಂಡಿರಲಿಲ್ಲ.

"ನೀವು ಆದಿತ್ಯವಾರ ಮೀನಿಗೆ ಹೋದಾಗ ತೆಗೆದು ನೋಡಿದ್ದು. ಗೋಡೆಗೆ ಸುಣ್ಣ ಹೊಡೆದ ಹಾಗೆ ಹಿಟ್ಟು ಕೂತಿತ್ತು. ಇದರೊಳಗಿಂದ ನೀವು ಉಸಿರು ಎಳೆಯುವುದಾ ಅಂತ ಸಂಕಟ ಆಯ್ತು. ಉಜ್ಜಲಿಲ್ಲ ಮಾರಾಯ್ರೇ, ಸೋಪಿನ ನೀರಲ್ಲಿ ಅದ್ದಿ, ಮೆಲ್ಲ ಹಿಂಡಿ ಮಾಡಿನ ಹಂಚಿನ ಮೇಲೆ ಒಣಗಿಸಿದ್ದು."

"ಕಲ್ಲಿಗೆ ಬಡಿದೆಯಾ?"

"ನೀರು ಹಾಕುವ ಮೊದಲು, ಎರಡೇ ಸಲ. ದಿನಾ ನಿಮ್ಮ ಅಂಗಿ ಬಡಿಯುವ ಹಾಗೆ."

ಬೈಯಲು ಬಾಯಿ ತೆರೆದ ದುಗ್ಗಪ್ಪ ತನ್ನ ಅಂಗಿಯ ತೋಳನ್ನು ನೋಡಿಕೊಂಡ. ಊರಿನ ಎಲ್ಲರನ್ನೂ ಸಂಶಯಿಸಿದ್ದವನು ತಾನು ದಿನಾ ಬಿಚ್ಚಿ ಕೊಡುವ ಅಂಗಿಯನ್ನು ಒಮ್ಮೆಯೂ ಸಂಶಯಿಸಿರಲಿಲ್ಲ.

"ಬಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ತಿಯಾ?"

"ಅಂಗಿ ಒಗೆಯಲಿಕ್ಕಾ?" ಅವಳು ನಕ್ಕಳು. "ಎಂತ ಆಯ್ತು ನಿಮಗೆ?"

"ಇನ್ನು ಅಂಗಿ ಇಲ್ಲಿಗೆ ತರುವುದಿಲ್ಲ. ಅಲ್ಲೇ ನೀರಲ್ಲಿ ಅದ್ದಿ, ಒಗೆದು ಬರ್ತೇನೆ," ಎಂದ.

ಮರುದಿನ ಶೆಟ್ಟರೇ ಅವನನ್ನು ಆಫೀಸಿಗೆ ಕರೆಸಿದರು. ತೊಳೆದ ಸುದ್ದಿ ಅವರಿಗೂ ಮುಟ್ಟಿತ್ತು.

"ಕುಶಲಾ ತೊಳೆದ ಮೇಲೆ ಗಾಳಿ ಜೋರು ಬಂತಂತೆ! ನಮಗೆ ಯಾರಿಗೂ ಹೊಳೆಯದೇ ಹೋಯ್ತು ನೋಡು. ಇನ್ನು ವಾರಕ್ಕೊಮ್ಮೆ ತೊಳೆದರಾಯ್ತು."

"ಗಾಳಿ ಜೋರು ಬಂದದ್ದೇ ಸಂಶಯ ಧನಿ. ಹರಿದ ಬಟ್ಟೆಯಲ್ಲಿ ಸೋಸಿದರೆ ಚಹಾ ಬೇಗ ಇಳೀತದೆ. ಚರಟವೂ ಇಳೀತದೆ." ಅವನು ಹರಿದ ಫಿಲ್ಟರನ್ನು ಮೇಜಿನ ಮೇಲಿಟ್ಟ. "ಹೊಸದು ಬರುವವರೆಗೆ ನಾನು ಆ ಬಾಯಿಯ ಕೆಳಗೆ ಕೂರುವುದಿಲ್ಲ."

"ಕೂರಲಿಕ್ಕೆ ಬೇರೆ ಜನ ಉಂಟು."

"ಉಂಟು. ನೋಣಯ್ಯ ಹೋದ ಮೇಲೆ ನಾನು ಇದ್ದೆನಲ್ಲ, ಹಾಗೆ."

ಶೆಟ್ಟರ ಮುಖ ಕೆಂಪಾಯಿತು. ಆಫೀಸಿನ ಮೂಲೆಯಲ್ಲಿ ಟ್ಯೂಬ್‌ಲೈಟ್ ಸರಿಮಾಡುತ್ತಿದ್ದ ಅಲ್ಫೋನ್ಸ್ ಸ್ಟೂಲಿನಿಂದ ಇಳಿದ. "ಫಿಲ್ಟರ್ ಇಲ್ಲದೆ ಅಲ್ಲಿ ಯಾರನ್ನು ಕೂರಿಸಿದರೂ ಯಂತ್ರದ ಮೋಟಾರ್ ನಾನು ಸುರು ಮಾಡುವುದಿಲ್ಲ ಧನಿ," ಎಂದ.

ಇವನು ಯಾಕೆ ನನ್ನ ಪರ ಮಾತಾಡುತ್ತಾನೆ ಎಂದು ದುಗ್ಗಪ್ಪನಿಗೆ ಒಂದು ಗಳಿಗೆ ಸಂಶಯವೇ ಬಂತು. ಅಲ್ಫೋನ್ಸ್ ಅವನ ಕಡೆ ನೋಡಲಿಲ್ಲ. ಸ್ಕ್ರೂಡ್ರೈವರನ್ನು ಅಂಗಿಗೆ ಒರೆಸುತ್ತಾ ನಿಂತ. ಸಂಶಯ ತಾನಾಗಿ ಇಳಿಯಿತು.

ಶೆಟ್ಟರು ಬಹಳ ಹೊತ್ತು ಫಿಲ್ಟರನ್ನು ತಿರುಗಿಸಿ ನೋಡಿದರು, ಕಿಟಕಿಯ ಬೆಳಕಿಗೂ ಹಿಡಿದರು. ಕೊನೆಗೆ ಪೆನ್ನು ಬಿಚ್ಚಿದರು. "ಆಯ್ತು ಮಾರಾಯ. ವರ್ಷಕ್ಕೆ ಎಷ್ಟು ಬೇಕು ನಿನಗೆ?"

ಈ ಧೂಳಿಗೆ ತಿಂಗಳಿಗೊಂದು ಬೇಕಾದೀತು, ವರ್ಷಕ್ಕೆ ಹನ್ನೆರಡು ಎಂದು ಅಲ್ಫೋನ್ಸ್ ಹೊರಗೇ ಲೆಕ್ಕ ಹಾಕಿ ಹೇಳಿದ್ದ. ಆದರೆ ಶೆಟ್ಟರು ಕೈಗವಸು ಕೇಳಿದರೂ ಸೋಪು ಕೇಳಿದರೂ ಕೇಳಿದ್ದರಲ್ಲಿ ಅರ್ಧವನ್ನೇ ತರಿಸುವವರು ಎಂಬುದು ದುಗ್ಗಪ್ಪನಿಗೆ ಗೊತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡು, ಹೊರಗಿದ್ದವರಿಗೂ ಕೇಳುವ ಹಾಗೆ ಹೇಳಿದ:

"ಇಪ್ಪತ್ತನಾಲ್ಕು."