ಮಂಜನನ್ನು ತೂಗಿದ ದಿನ

ಹುರಿದ ಹಿಟ್ಟಿಗೆ ಬೆಲ್ಲ ಕಲೆಸಿದ ವಾಸನೆ ಎಲ್ಲಿಂದ ಬಂದರೂ ನಾನು ಕೂತಲ್ಲಿ ಇರುವುದಿಲ್ಲ. ಮೊನ್ನೆ ಮಧುಗಿರಿಯಲ್ಲಿ, ನನ್ನ ಮಗಳ ಎಲ್‌ಕೆಜಿ ತರಗತಿಯಲ್ಲಿ ಹಾಗೇ ಆಯಿತು. ಆ ಸ್ಕೂಲಿನಲ್ಲಿ ಅಪ್ಪ ಅಮ್ಮಂದಿರು ಆಗಾಗ ಬಂದು, ಮಕ್ಕಳ ಜೊತೆ ಕೂತು, ಬಣ್ಣ ಹಚ್ಚಿ ಕಥೆ ಹೇಳಿ ಹೋಗುವ ಪದ್ಧತಿಯಿದೆ. ಮೊಣಕಾಲೆತ್ತರದ ಕುರ್ಚಿಗಳಲ್ಲಿ ನಾವೆಲ್ಲ ಮುದುಡಿಕೊಂಡು ಕೂತಿದ್ದೆವು. ಪಕ್ಕದ ಮಗು ಡಬ್ಬಿ ತೆಗೆದು ಹಿಟ್ಟಿನುಂಡೆಯೊಂದನ್ನು ಬಾಯಿಗಿಟ್ಟಿತು. ಆಮೇಲೆ ಮಿಸ್ಸು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ನಾನು ಮಿಡಿಗೇಶಿಯ ಅಂಗನವಾಡಿಯಲ್ಲಿ ಗೋಣಿತಟ್ಟಿನ ಮೇಲೆ ಕೂತಿದ್ದೆ, ನನ್ನ ತೊಡೆಗೆ ಒರಗಿಕೊಂಡು ತಮ್ಮ ಮಂಜ ಕೂತಿದ್ದ. ತರಗತಿಗೆ ತಾಯಂದಿರು ಬಂದರೆ ಎಲ್ಲರಿಗೂ ಖುಷಿಯಾಗುತ್ತದೆಯಂತೆ. ನನಗೆ ಮಾತ್ರ, ಇವರೆಲ್ಲ ಏನು ಹುಡುಕಿಕೊಂಡು ಬಂದಿದ್ದಾರೋ ಅನ್ನಿಸುತ್ತದೆ.

ಆಗ ನಮ್ಮ ಮನೆಯಲ್ಲಿದ್ದವರು ಅಜ್ಜಿ, ಅಮ್ಮ, ನಾನು, ಮಂಜ; ಹಿತ್ತಿಲಲ್ಲೊಂದು ಕರೆಯುವ ಎಮ್ಮೆ. ಅಪ್ಪ ಲಾರಿ ಓಡಿಸುತ್ತಿದ್ದುದರಿಂದ ನೆಂಟರ ಹಾಗೆ ಬಂದು ಹೋಗುತ್ತಿದ್ದ. ಅಜ್ಜಿ ಮರದ ಲೆಕ್ಕದಲ್ಲಿ ಹುಣಸೆಹಣ್ಣು ಕೊಂಡು, ಬೀಜ ಬಿಡಿಸಿ, ಉಂಡೆ ಕಟ್ಟಿ ಮಾರುತ್ತಿದ್ದಳು. ಪಡಸಾಲೆಯ ತುಂಬ ಹುಣಸೆಯ ಹುಳಿ ವಾಸನೆ, ಮೂಲೆಯಲ್ಲಿ ತಕ್ಕಡಿ, ಅದರ ಪಕ್ಕ ಎಣ್ಣೆಜಿಡ್ಡು ಹಿಡಿದ ಕಬ್ಬಿಣದ ತೂಕದ ಬಟ್ಟುಗಳು. ಅಜ್ಜಿ ಯಾರನ್ನೂ ನಂಬುತ್ತಿರಲಿಲ್ಲ. ಎಣ್ಣೆಯವಳ ಪಾವನ್ನು ನಂಬುತ್ತಿರಲಿಲ್ಲ, ಕಂಡಕ್ಟರನ ಚಿಲ್ಲರೆಯನ್ನು ನಂಬುತ್ತಿರಲಿಲ್ಲ, ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವ ನನ್ನ ಅಮ್ಮನನ್ನಂತೂ ಮೊದಲೇ ನಂಬುತ್ತಿರಲಿಲ್ಲ. ಆ ಮನೆಯನ್ನು ಕೆಡವಿ ಈಗ ಯಾರೋ ಸಿಮೆಂಟಿನ ಅಂಗಡಿ ಹಾಕಿದ್ದಾರೆ.

ಅಂಗನವಾಡಿಗೆ ಪಾವಗಡದ ಕಡೆಯಿಂದ ಸರೋಜಮ್ಮ ಅನ್ನುವ ಟೀಚರು ಬಂದಿದ್ದರು. ಎತ್ತರದ ಹೆಂಗಸು, ಮಾತಿನ ನಡುವೆ ತೆಲುಗು ನುಸುಳುತ್ತಿತ್ತು. ಹೊರಗಿನವರು ಅನ್ನುವುದಕ್ಕೆ ಅಷ್ಟೇ ಸಾಕಾಯಿತು. ಮಕ್ಕಳಿಗೆ ಬೆಲ್ಲ ಕಲೆಸಿ ಕೊಡಲೆಂದು ಬರುವ ಪುಷ್ಟಿಹಿಟ್ಟಿನ ಮೂಟೆಗಳು ಬೇಗ ಬೇಗ ಬರಿದಾಗುತ್ತಿವೆ ಎಂದು ಯಾರೋ ಅಂದರು. ಅಜ್ಜಿ ಕೇರಿಯ ಹೆಂಗಸರನ್ನೆಲ್ಲ ಕೂಡಿಸಿ, "ಮೂಟೆಗಟ್ಲೆ ಹಿಟ್ಟು ಬತ್ತದೆ, ಮಕ್ಳು ನೋಡುದ್ರೆ ಕಡ್ಡಿ ಇದ್ದಂಗವೆ. ಎಲ್ಲೋಯ್ತದೆ ಅಂಗಾರೆ? ನಡೀರಿ, ಅಲ್ಲೇ ಕುಂತ್ಕಂಡು ನೋಡನ" ಅಂದಳು. ಅವತ್ತಿನಿಂದ ನಮ್ಮ ಅಂಗನವಾಡಿಯಲ್ಲಿ ಮಕ್ಕಳಿಗಿಂತ ತಾಯಂದಿರೇ ಹೆಚ್ಚು. ಕೈ ಸುಮ್ಮನಿರಬಾರದಲ್ಲ, ಅಜ್ಜಿಯ ಹುಣಸೆಹಣ್ಣು ತಂದು ಗೋಡೆಯುದ್ದಕ್ಕೂ ಕೂತು ಬೀಜ ಬಿಡಿಸುತ್ತಿದ್ದರು. ನಾವು ಆನೆ ಬಂತೊಂದಾನೆ ಅಂತ ಕೈ ಬೀಸುತ್ತಿದ್ದರೆ, ಅವರ ಕಣ್ಣೆಲ್ಲ ಒಲೆಯ ಮೇಲಿನ ಪಾತ್ರೆಯ ಮೇಲೆ. ಸರೋಜಮ್ಮನವರೂ ಏನು ಕಡಿಮೆಯಿರಲಿಲ್ಲ. ನನ್ನ ಗಲ್ಲ ಹಿಡಿದು ಮೆಲ್ಲಗೆ, "ಏಮಮ್ಮಾ, ಮನೇಗೆ ಕೊಟ್ಟ ಹಿಟ್ಟು ನೀನು ತಿಂದ್ಯಾ, ನಿಮ್ಮ ಎಮ್ಮೆ ತಿಂತಾ?" ಅಂತ ಕೇಳುತ್ತಿದ್ದರು. ಹಿಟ್ಟು ನಿಜವಾಗಿ ಕಳುವಾಗುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ತಿಂಗಳಿಗೊಮ್ಮೆ ಮಕ್ಕಳನ್ನು ತೂಗುತ್ತಿದ್ದರು. ಸೂರಿನ ಕೊಂಡಿಗೆ ಮುಳ್ಳಿನ ತಕ್ಕಡಿ, ಅದರ ಕೆಳಗೆ ಕಾಲು ತೂರಿಸುವುದಕ್ಕೆ ತೂತಿರುವ, ಚಡ್ಡಿಯಂಥ ಬಟ್ಟೆಯ ಚೀಲ. ಮಂಜನನ್ನು ಅದರಲ್ಲಿ ಕೂರಿಸಿದರೆ ಉಳಿದ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು, ಅವನಿಗೆ ಅದೇ ಜೋಕಾಲಿ. ಆ ತಿಂಗಳು ಸರೋಜಮ್ಮ ಮುಳ್ಳನ್ನು ಎರಡೆರಡು ಸಲ ನೋಡಿ ಅಮ್ಮನನ್ನು ಕರೆದರು. "ಮುಳ್ಳು ಏಳ್ತಾನೇ ಇಲ್ಲ ಕಣಮ್ಮ. ಮಧುಗಿರಿ ದೊಡ್ಡಾಸ್ಪತ್ರೇಲಿ ಇಂಥ ಮಕ್ಳನ್ನ ಇಟ್ಕೊಂಡು ನೋಡ್ತಾರೆ. ಹೋಗು, ಬೇಕಾರೆ ನಾನೂ ಬರ್ತೀನಿ." ಅಷ್ಟು ಮೆಲ್ಲಗೆ ಹೇಳಿದರೂ ಗೋಡೆಯುದ್ದಕ್ಕೂ ಕೂತಿದ್ದವರಿಗೆ ಕೇಳಿಸದೆ ಇದ್ದೀತೆ? ಬೀಜ ಬಿಡಿಸುತ್ತಿದ್ದ ಕೈಗಳೆಲ್ಲ ನಿಂತವು. ಮನೆಯಲ್ಲಿ ಕರೆಯುವ ಎಮ್ಮೆ ಇಟ್ಟುಕೊಂಡು ಮಗೂಗೆ ಹಾಲಿಲ್ಲವಂತೆ ಎಂದು ಯಾರೋ ಪಿಸುಗುಟ್ಟಿದರು. ಅಜ್ಜಿ ಮಂಜನನ್ನು ಚೀಲದಿಂದ ಕಿತ್ತುಕೊಂಡು, "ತಕ್ಕಡೀಲಿ ತೂಗೋದು ಮಾರೋ ಪದಾರ್ಥನ ಕಣವ್ವ! ಮಕ್ಳನ್ನ ತೂಗುದ್ರೆ ಏಳ್ಗೆ ಆಯ್ತವಾ?" ಅಂದಳು. ಅಮ್ಮನ ಮುಖ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ತಾನು ಮಗುವಿಗೆ ಉಣ್ಣಲಿಕ್ಕದವಳು ಅಂತ ಊರಿಗೆಲ್ಲ ಡಂಗುರವಾಯಿತು ಅನ್ನುವುದೊಂದೇ ಅವಳ ಎದೆಯಲ್ಲಿ ನಾಟಿತ್ತು.

ಮುಂದಿನ ತೂಕದ ದಿನ ಬೆಳಿಗ್ಗೆ, ಅಜ್ಜಿ ಹಿತ್ತಿಲಲ್ಲಿದ್ದಾಗ, ಅಮ್ಮ ಒಂದು ತೂಕದ ಬಟ್ಟನ್ನು ಹಳೇ ಸೀರೆಯ ಚೂರಿನಲ್ಲಿ ಸುತ್ತಿ ಮಂಜನ ಹೊಟ್ಟೆಗೆ ಕಟ್ಟಿದಳು. ಮೇಲೆ ಬನಿಯನ್ನು, ಅದರ ಮೇಲೆ ಎರಡು ಅಂಗಿ. ಕಬ್ಬಿಣ ತಣ್ಣಗಿತ್ತೋ ಏನೋ, ಅವನು ಕಚಗುಳಿ ಇಟ್ಟ ಹಾಗೆ ನಕ್ಕ. ನನ್ನ ಕಡೆ ತಿರುಗಿ ಅಮ್ಮ ಬೆರಳು ತೋರಿಸಿದಳು, ನಾನು ತಲೆಯಾಡಿಸಿದೆ.

ಮುಳ್ಳು ಎದ್ದಿತು. "ನೋಡುದ್ರಾ, ನೋಡುದ್ರಾ ನನ್ ಮೊಮ್ಮಗನ್ನ?" ಎಂದು ಅಜ್ಜಿ ಕೈ ತಟ್ಟಿದಳು. ಸರೋಜಮ್ಮ ನಗಲಿಲ್ಲ. ಮಂಜನನ್ನು ಇಳಿಸಿಕೊಳ್ಳಲು ಎತ್ತಿದಾಗ ಅವರ ಕೈ ಅವನ ಹೊಟ್ಟೆಯ ಮೇಲೆ ನಿಂತುಬಿಟ್ಟಿತು. ನಾನು ಅವರ ಪಕ್ಕದಲ್ಲೇ ಇದ್ದೆ. ಅವರು ಅಮ್ಮನ ಮುಖ ನೋಡಿದರು, ಆಮೇಲೆ ಗೋಡೆಯುದ್ದಕ್ಕೂ ಕಣ್ಣರಳಿಸಿ ಕೂತಿದ್ದ ಹೆಂಗಸರನ್ನು ನೋಡಿದರು. ಅಂಗಿ ಎಳೆದು ಸರಿಮಾಡಿ, "ಪರ್ವಾಗಿಲ್ಲ, ಚೆನ್ನಾಗವ್ನೆ" ಅಂದು ಅವನನ್ನು ಕೆಳಗಿಳಿಸಿದರು.

ಸಂಜೆ ಅವರು ನಮ್ಮ ಮನೆಗೇ ಬಂದರು. "ಮಂಜನ ತಾಯಿ ಜೊತೆ ಒಂದು ಮಾತಾಡ್ಬೇಕಿತ್ತು" ಎಂದು ಹೊಸ್ತಿಲ ಆಚೆಯೇ ನಿಂತರು. ಅಜ್ಜಿ ಬಾಗಿಲಿಗೆ ಅಡ್ಡಲಾಗಿ ಕೂತು, "ಇಟ್ಟು ಕದ್ದಿದ್ದು ಸಾಲ್ದು ಅಂತ ಮನೆ ಮುರಿಯಕ್ಕೂ ಬಂದ್ಬುಟ್ಯಾ?" ಎಂದು ಕೂಗಾಡಿದಳು. ಬೀದಿ ಜನ ಸೇರಿದರು. ಒಂದೇ ಒಂದು ಮಾತಿನಲ್ಲಿ ಅಜ್ಜಿಯ ಬಾಯಿ ಮುಚ್ಚಿಸಬಹುದಿತ್ತು, ಸರೋಜಮ್ಮ ಆ ಮಾತು ಆಡಲಿಲ್ಲ. ಅಮ್ಮ ಬಾಗಿಲ ಹಿಂದೆ ಮಂಜನನ್ನು ಎದೆಗವಚಿಕೊಂಡು ನಿಂತಿದ್ದಳು. ಸರೋಜಮ್ಮ ಆಮೇಲೂ ಕೆಲವು ಸಲ ಬಂದರು, ಹಾಗೆಯೇ ಹಿಂದಿರುಗಿದರು. ಕೊನೆಗೆ ಹೆಂಗಸರ ದೂರು ಮೇಲಿನವರಿಗೆ ಮುಟ್ಟಿ, ಅವರಿಗೆ ಬಲಸಮುದ್ರದ ಕಡೆಗೆ ವರ್ಗವಾಯಿತು. ಚಳಿ ಶುರುವಾಗುವಾಗ ಮಂಜನಿಗೆ ಭೇದಿ ಹತ್ತಿತು. ಬೇರೆ ಮಕ್ಕಳಿಗೂ ಹತ್ತಿತ್ತು, ಅವರೆಲ್ಲ ಎದ್ದು ಓಡಾಡಿದರು. ಮಂಜನ ಮೈಯಲ್ಲಿ ಕಳೆದುಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ. ಮಧುಗಿರಿ ಬಸ್ಸಿನಲ್ಲಿ, ಅಮ್ಮನ ಮಡಿಲಲ್ಲೇ ಹೋಗಿಬಿಟ್ಟ. ಆ ತಕ್ಕಡಿಯೇ ಅವನನ್ನು ತಿಂದಿತು ಎಂದು ಅಜ್ಜಿ ಸಾಯುವವರೆಗೂ ಹೇಳುತ್ತಿದ್ದಳು. ಆಗೆಲ್ಲ ಅಮ್ಮ ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು.

ಅಮ್ಮನೂ ಈಗಿಲ್ಲ. ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ನನ್ನ ಜೊತೆಗಿದ್ದಳು. ನರ್ಸು ಮಗುವನ್ನು ತೂಗಲು ಎತ್ತಿಕೊಂಡ ಕೂಡಲೇ ಎದ್ದು ಹೊರಗೆ ಹೋದವಳು ತುಂಬ ಹೊತ್ತಾದ ಮೇಲೆ ಬಂದು, ನನ್ನ ಮಂಚದ ಅಂಚಿನಲ್ಲಿ ಕೂತಳು. ಅಷ್ಟು ವರ್ಷಗಳಲ್ಲಿ ಅದೊಂದೇ ಸಲ ಆ ಮಾತೆತ್ತಿದ್ದು.

"ಆ ಟೀಚರಮ್ಮಂಗೆ ಗೊತ್ತಾಗಿತ್ತು ಕಣೆ. ಎಲ್ರ ಮುಂದೆ ಅಂಗಿ ಎತ್ತಿ ತೋರ್ಸಿ, ನನ್ ಮಾನ ಕಳೀಬೋದಿತ್ತು. ಯಾಕ್ ಕಳೀಲಿಲ್ಲ?"