ಬಾವಲಿ ದಾಟದ ಹಾಸಿಗೆಗಳು

ಪ್ರತಿ ವರ್ಷ ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಬೀರುವಿನಿಂದ ಒಂದು ದಿಂಬು ತೆಗೆದು ತಾರಸಿಯಲ್ಲಿ ಒಣಹಾಕುತ್ತೇನೆ. ಈ ಸಲ ಎತ್ತಿಕೊಳ್ಳುವಾಗ ಅದರ ಒಂದು ಮೂಲೆಯ ಹೊಲಿಗೆ ಬಿಟ್ಟಿತು. ಕಾದ ಬೂರುಗದ ಹತ್ತಿಯ ವಾಸನೆ ಮೂಗಿಗೆ ಬಂದದ್ದೇ, ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಅಲ್ಲಿಂದ ಎದುರು ಮನೆಯ ಜಗುಲಿ ಕಾಣುತ್ತದೆ. ಈಗ ಅದು ಮೊಬೈಲ್ ರಿಪೇರಿ ಅಂಗಡಿ...

ಹೆಗ್ಗಡದೇವನಕೋಟೆಯ ನಮ್ಮ ಬೀದಿಯಲ್ಲಿ, ಮೊದಲು ಆ ಮನೆಯಲ್ಲಿದ್ದವರನ್ನು ಎಲ್ಲರೂ ಹಾಸಿಗೆ ಸಾಬರು ಎನ್ನುತ್ತಿದ್ದರು. ನಾನು ಚಾಚಾ ಎನ್ನುತ್ತಿದ್ದೆ. ಆ ಜಗುಲಿಯ ಮೇಲೆ ಹತ್ತಿ ಹಿಂಜುವ ಸಣ್ಣದೊಂದು ಯಂತ್ರವಿತ್ತು. ಗೋಡೆಗೆ ಅವರಪ್ಪನ ಕಾಲದ ಹಿಂಜುವ ಬಿಲ್ಲು ಒರಗಿತ್ತು. ಯಂತ್ರ ಬಂದ ಮೇಲೆ ಬಿಲ್ಲಿಗೆ ಕೆಲಸವಿರಲಿಲ್ಲ, ಆದರೂ ಶುಕ್ರವಾರ ಅದರ ತಂತಿಯನ್ನು ಒಂದು ಸಲ ಮೀಟಿಯೇ ನಮಾಜಿಗೆ ಹೊರಡುತ್ತಿದ್ದರು. ಅವರ ಗಡ್ಡದಲ್ಲಿ ಯಾವುದು ಕೂದಲು, ಯಾವುದು ಹತ್ತಿ ಎಂದು ಹೇಳುವುದು ಕಷ್ಟವಾಗಿತ್ತು.

ನಾನು ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತಿದ್ದೆ. ಹಾಗಾಗಿ ಬೀದಿಯ ಜಿಎಸ್‌ಟಿ ಸಂದೇಹಗಳೆಲ್ಲ ನನ್ನ ಮನೆಗೇ ಬರುತ್ತಿದ್ದವು. ನನಗದು ಇಷ್ಟವೇ ಆಗಿತ್ತು, ಸುಳ್ಳೇಕೆ ಹೇಳಲಿ? ‘ನೋಡಿ ಹೇಳುತ್ತೇನೆ’ ಎಂಬ ಮಾತು ನನ್ನ ಬಾಯಲ್ಲಿ ಎಂದೂ ಬಂದದ್ದಿಲ್ಲ. ಕೊರೊನಾ ಕಳೆದ ಮೇಲಿನ ಒಂದು ಬೆಳಿಗ್ಗೆ ಚಾಚಾ ಗೇಟಿನ ಹತ್ತಿರ ಬಂದು ನಿಂತರು. ಮಾನಂದವಾಡಿಯ ಕಡೆ ಹೊಸ ಹೋಂಸ್ಟೇ ಒಂದಕ್ಕೆ ಹಾಸಿಗೆ ದಿಂಬುಗಳ ದೊಡ್ಡ ಆರ್ಡರ್ ಸಿಕ್ಕಿತ್ತು. ಅವರ ಜನ್ಮದಲ್ಲೇ ದೊಡ್ಡದು.

“ಟೀಚರಮ್ಮ, ನಾನೂ ಆ ಜಿಎಸ್‌ಟಿ ಮಾಡುಸ್ಬೇಕಾ? ಯೋಳಿ, ಮಾಡುಸ್ಬುಡ್ತೀನಿ.”

ವರ್ಷಕ್ಕೆ ನಲವತ್ತು ಲಕ್ಷದ ವ್ಯಾಪಾರ ದಾಟುವ ತನಕ ಸರಕು ಮಾರುವವರಿಗೆ ನೋಂದಣಿ ಬೇಕಿಲ್ಲ ಎಂದೆ. ಪಾಠದಲ್ಲಿ ಇದ್ದದ್ದೇ ಅದು. ಚಾಚಾ ಜೋರಾಗಿ ನಕ್ಕರು.

“ನಲವತ್ತು ಲಕ್ಷದ ಹಾಸ್ಗೆ ಮಾರ್ಬೇಕು ಅಂದ್ರೆ ಇಡೀ ತಾಲ್ಲೂಕೇ ಮಲಿಕ್ಕೋಬೇಕು ಕಣಮ್ಮ!”

ನಾನೂ ನಕ್ಕೆ. ಅದೇ ಪಾಠದ ಮುಂದಿನ ಪುಟದಲ್ಲಿ ಇನ್ನೊಂದು ಮಾತಿತ್ತು. ಸರಕು ರಾಜ್ಯ ದಾಟಿ ಮಾರಾಟವಾಗುವುದಾದರೆ ನಲವತ್ತು ಲಕ್ಷದ ಲೆಕ್ಕವೇ ಇಲ್ಲ, ಮೊದಲ ದಿನದಿಂದಲೇ ನೋಂದಣಿ ಬೇಕು. ಎಷ್ಟು ಬ್ಯಾಚುಗಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆನೋ! ಆದರೆ ನಮ್ಮ ಕಡೆಯವರಿಗೆ ಬಾವಲಿ ಚೆಕ್‌ಪೋಸ್ಟ್ ದಾಟುವುದು ಪಕ್ಕದ ಊರಿಗೆ ಹೋಗಿ ಬಂದಂತೆ. ಮೆಣಸಿಗೆ ಹೋಗುತ್ತೇವೆ, ಆಸ್ಪತ್ರೆಗೆ ಹೋಗುತ್ತೇವೆ, ನೆಂಟರ ಮದುವೆಗೆ ಹೋಗಿ ಸಂಜೆ ಕಾಡಿನ ಗೇಟು ಹಾಕುವುದರೊಳಗೆ ಹಿಂತಿರುಗುತ್ತೇವೆ. ಮಾನಂದವಾಡಿ ಎಂದು ಅವರು ಸ್ಪಷ್ಟವಾಗಿಯೇ ಹೇಳಿದ್ದರು. ಅದು ಕೇರಳ, ಬೇರೆ ರಾಜ್ಯ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಎರಡು ತಿಂಗಳು ಕೂತು ಹೊಲಿದರು. ಹಾಸಿಗೆ ತುಂಬಿದ ಗೂಡ್ಸ್ ಆಟೋ ಹೊರಟ ದಿನ ಬೀದಿಗೆಲ್ಲ ಟೀ ಕೊಡಿಸಿ ತಾವೂ ಅದನ್ನೇ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಅವರ ಫೋನ್ ಬಂತು. ಅಂತರಸಂತೆಯಿಂದ ಮುಂದೆ ತೆರಿಗೆಯವರು ಗಾಡಿ ನಿಲ್ಲಿಸಿದ್ದರು. ಸ್ವಲ್ಪ ಬಂದು ಮಾತಾಡಿ ಟೀಚರಮ್ಮ, ಎಂದರು. ಸ್ಕೂಟರ್ ಹತ್ತಿ ಹೋದೆ.

ಅಧಿಕಾರಿ ಒರಟು ಮನುಷ್ಯನಲ್ಲ. ಚಾಚಾರನ್ನು ಮರದ ನೆರಳಲ್ಲಿ ಕೂರಿಸಿ, ನಿಯಮವನ್ನು ಬಿಡಿಸಿ ಹೇಳುತ್ತಿದ್ದರು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಆ ಮುಂದಿನ ಪುಟದ ಮಾತೇ ಅದು. ಅಷ್ಟರಲ್ಲಿ ಅವರ ಜೊತೆಗಿದ್ದ ಹುಡುಗ ಓಡಿ ಬಂದು ಕೈಮುಗಿದ. ನನ್ನ ಹಳೆಯ ವಿದ್ಯಾರ್ಥಿ! “ಸಾರ್, ನಮ್ ಕಾಮರ್ಸ್ ಮೇಡಂ. ನಂಗೆ ಟ್ಯಾಕ್ಸ್ ಕಲಿಸಿದ್ದೇ ಇವ್ರು” ಎಂದ. ಎದುರು ಮನೆಯವರು ಬರುತ್ತಾರೆಂದು ಚಾಚಾ ಮೊದಲೇ ಹೇಳಿದ್ದರೆಂದು ಕಾಣುತ್ತದೆ, ಅಧಿಕಾರಿ ನನಗೊಂದು ನಮಸ್ಕಾರ ಹಾಕಿ ಚಾಚಾರ ಕಡೆ ತಿರುಗಿದರು.

“ಇಂಥವ್ರು ಎದುರು ಮನೇಲೇ ಇದ್ದಾರಲ್ಲ ಯಜಮಾನ್ರೇ, ಒಂದು ಮಾತು ಕೇಳಬಾರದಿತ್ತಾ?”

ಚಾಚಾ ನನ್ನ ಮುಖ ನೋಡಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಯಾರ್ನೂ ಕೇಳ್ಲಿಲ್ಲ ಸ್ವಾಮಿ. ತಪ್ಪು ನಂದೇ.”

ನಾನು ಬಾಯಿ ತೆರೆಯಬೇಕಿತ್ತು. ಒಂದೇ ಒಂದು ಮಾತು... ಹುಡುಗ ಹೆಮ್ಮೆಯಿಂದ ನನ್ನನ್ನೇ ನೋಡುತ್ತಿದ್ದ. ನಾನು ಸ್ಕೂಟರಿನ ಕೀಲಿ ತಿರುವುತ್ತ ನಿಂತಿದ್ದೆ.

ದಂಡ ಕಟ್ಟಿ ಮಾಲು ಬಿಡಿಸಿಕೊಳ್ಳಲು ಚಾಚಾ ಯಂತ್ರ ಮಾರಿದರು. ಅಷ್ಟರಲ್ಲಿ ಹೋಂಸ್ಟೇಯವರು ಬೇರೆ ಕಡೆ ಕೊಂಡುಕೊಂಡಿದ್ದರು. ನೋಂದಣಿ ನಾನೇ ಮಾಡಿಸಿಕೊಡುತ್ತೇನೆ ಎಂದಾಗ “ಬುಡಿ ಟೀಚರಮ್ಮ, ಇನ್ನು ಯಾರ್ಗೆ” ಎಂದು ಕೈಯಾಡಿಸಿದರು. ಆ ವಯಸ್ಸಿನಲ್ಲಿ ಮತ್ತೆ ಬಿಲ್ಲು ಹಿಡಿದರು. ಮಧ್ಯಾಹ್ನವೆಲ್ಲ ತಂತಿಯ ಟಂಯ್ ಟಂಯ್ ಸದ್ದು ನನ್ನ ಮನೆಯೊಳಕ್ಕೆ ಬರುತ್ತಿತ್ತು. ಕಿಟಕಿ ಹಾಕಿದರೂ ಬರುತ್ತಿತ್ತು. ಆಮೇಲೆ ಸದ್ದಿನ ನಡುನಡುವೆ ಕೆಮ್ಮು ಸೇರಿಕೊಂಡಿತು.

ಒಂದು ದಿನ ಈ ದಿಂಬು ಹಿಡಿದು ಬಂದರು. ನನಗೆ ಕತ್ತುನೋವೆಂದು ಯಾವಾಗಲೋ ಹೇಳಿದ್ದೆನಂತೆ. “ಚಾಚಾ, ಅವತ್ತು...” ಎಂದು ಶುರುಮಾಡಿದೆ.

“ಪಾಠ ಯೋಳೋರ ಮಾತು ಹುಡುಗ್ರ ಮುಂದೆ ಬೀಳ್ಬಾರ್ದು ಕಣಮ್ಮ” ಎಂದರು. “ತಲೆ ಇಟ್ಟು ನೋಡಿ, ಚೆನ್ನಾಗ್ ನಿದ್ದೆ ಬತ್ತದೆ.”

ಮುಂದಿನ ರಂಜಾನಿಗೆ ಅವರು ಇರಲಿಲ್ಲ. ಮಗಳು ಬಂದು ಮನೆ ಖಾಲಿ ಮಾಡಿಸಿ, ಬಿಲ್ಲನ್ನು ಗುಜರಿಯವನಿಗೆ ಕೊಟ್ಟಳು. ನನ್ನ ಕಣ್ಣೆದುರೇ ಕೊಟ್ಟಳು.

ಬಿಚ್ಚಿದ ದಿಂಬನ್ನು ಮೊನ್ನೆ ಪೇಟೆಗೆ ಒಯ್ದೆ. ಹತ್ತಿ ಹಿಂಜುವವರು ಈಗ ಯಾರೂ ಇಲ್ಲ, ಹೊಸದೇ ಕೊಳ್ಳಿ ಮೇಡಂ, ಎಂದರು. ವಾಪಸು ತಂದು ನಾನೇ ಸೂಜಿ ಹಿಡಿದು ಕೂತಿದ್ದೇನೆ. ಎದುರಿನ ಅಂಗಡಿಯ ಬಾಗಿಲು ಹಾಕಿದೆ, ಬೀದಿಯಲ್ಲಿ ಯಾರೂ ಇಲ್ಲ, ಆದರೂ ಟಂಯ್ ಟಂಯ್ ಕೇಳುತ್ತಿದೆ. ಈ ದಿಂಬಿನ ಮೇಲೆ ನಾನು ಒಂದು ದಿನವೂ ತಲೆ ಇಟ್ಟಿಲ್ಲ. ಆ ಅಧಿಕಾರಿ ಎಲ್ಲಿಗೆ ವರ್ಗವಾದರೋ ತಿಳಿಯದು. ಅವರ ಪ್ರಶ್ನೆಗೆ ಉತ್ತರ ಮಾತ್ರ ನನ್ನ ಹತ್ತಿರವೇ ಉಳಿದಿದೆ. ಕೇಳಿದ್ದರು ಸಾರ್. ನನ್ನನ್ನೇ ಕೇಳಿದ್ದರು.